ಆರ್‌ಸೆಟಿ ಟೈಲರಿಂಗ್ ಟ್ರೈನಿಂಗ್: ಮೂರು ವರ್ಷ ಆದ್ಮೇಲೆ ಬರೀತಿದೀನಿ

ಆರ್‌ಸೆಟಿ ಅಂದ್ರೆ ಹಳ್ಳಿ ಜನಕ್ಕೆ ಸ್ವಂತ ಕೆಲಸ ಮಾಡ್ಕೊಳ್ಳೋಕೆ ಟ್ರೈನಿಂಗ್ ಕೊಡೋ, ಬ್ಯಾಂಕುಗಳು ನಡ್ಸೋ ಸಂಸ್ಥೆ. 2022ರಲ್ಲಿ ನಮ್ಮನೇಲಿ ನರೇಗಾ 100 ದಿನ ಮುಗ್ಸಿದ್ವಿ, ಆಗ ಪಂಚಾಯ್ತಿಯೋರು ‘ಉನ್ನತಿ ಅಂತ ಯೋಜನೆ ಇದೆ, ನೂರು ದಿನ ಮುಗ್ಸಿದ ಮನೆಯಿಂದ ಒಬ್ರು ಟ್ರೈನಿಂಗಿಗೆ ಹೋಗ್ಬೋದು, ಟ್ರೈನಿಂಗ್ ದಿನಕ್ಕೂ ಕೂಲಿ ಲೆಕ್ಕದಲ್ಲೇ ದುಡ್ಡು ಬರುತ್ತೆ’ ಅಂದ್ರು. ಆ ವರ್ಷ ಕೂಲಿ 309 ರೂಪಾಯಿ. ಒಂದು ತಿಂಗ್ಳು ಕೂಲಿ ಬಿಟ್ಟು ಕೂತ್ರೆ ಮನೆ ನಡೆಯೋದು ಹೆಂಗೆ, ಈ ದುಡ್ಡು ಇಲ್ದಿದ್ರೆ ನಾನಂತೂ ಹೋಗ್ತಾನೇ ಇರ್ಲಿಲ್ಲ.

ನಾನು ಹೋದಾಗ 30 ದಿನ ಆರ್‌ಸೆಟೀಲೇ ಇದ್ದು ಕಲಿಯೋದಿತ್ತು, ಊಟ ವಸ್ತಿ ಎಲ್ಲ ಫ್ರೀ. ಬೆಳಿಗ್ಗೆ ‘ಮಿಲ್ಲಿ’ ಅಂತ ಮಾಡಿಸ್ತಾರೆ, ನೆನ್ನೆ ಏನು ಕಲ್ತೆ ಅಂತ ಎಲ್ರ ಮುಂದೆ ನಿಂತು ಹೇಳ್ಬೇಕು, ಮೊದಲ್ನೇ ದಿನ ನಂಗೆ ಬಾಯೇ ಬರ್ಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಬ್ಲಾಕ್ ಮೇಲೆ ಬ್ಲಾಕ್ ಇಟ್ಟು ಗೋಪುರ ಕಟ್ಟೋ ಆಟನೂ ಇತ್ತು, ಎಷ್ಟು ಇಡ್ತೀಯ ಅಂತ ಮೊದ್ಲೇ ಹೇಳಿ ಆಮೇಲೆ ಕಟ್ಬೇಕು. ಹೊಲಿಗೆಗೂ ಇದಕ್ಕೂ ಏನು ಸಂಬಂಧ ಅನ್ಸಿತ್ತು, ಆದ್ರೆ ಇವತ್ತು ಗಿರಾಕಿ ಹತ್ರ ರೇಟ್ ಹೇಳೋವಾಗ ಗಂಟ್ಲು ನಡುಗಲ್ಲ ಅಂದ್ರೆ ಅದು ಅಲ್ಲಿಂದ್ಲೇ ಬಂದಿದ್ದು.

ಹೊಲಿಗೆ ವಿಷ್ಯಕ್ಕೆ ಬಂದ್ರೆ 30 ದಿನ ಸಾಲಲ್ಲ. ಪೇಪರ್ ಕಟಿಂಗ್, ಲಂಗ, ಸಾದಾ ಬ್ಲೌಸ್ ಇಷ್ಟು ಕೈಗೆ ಬರುತ್ತೆ. ಲೈನಿಂಗ್ ಬ್ಲೌಸು, ಎದೆ ಭಾಗ ಬಟ್ಟಲಿನಂಗೆ ಬರೋ ಕಟೋರಿ ಕಟಿಂಗು ನಂಗೆ ಕೈಗೆ ಕೂತಿದ್ದು ಆಮೇಲೆ ಆರು ತಿಂಗ್ಳು ಟೌನಲ್ಲಿ ಒಬ್ರು ಅಕ್ಕನ ಅಂಗಡೀಲಿ ಹುಕ್ಕು, ಕಾಜಾ ಮಾಡ್ಕೊಂಡು ಇದ್ದಾಗ.

ತುಂಬಾ ನೋವಾಗಿದ್ದು ಲೋನ್ ವಿಷ್ಯದಲ್ಲಿ. ಸರ್ಕಾರದ ಮುದ್ರಾ ಯೋಜನೇಲಿ ಶಿಶು ಅನ್ನೋ ಸಣ್ಣ ಸಾಲಕ್ಕೆ 50,000 ರೂಪಾಯಿವರೆಗೂ ಅಡಮಾನ ಬೇಡ ಅಂತ ಕ್ಲಾಸಲ್ಲೇ ಹೇಳ್ಕೊಟ್ಟಿದ್ರು, ಸರ್ಟಿಫಿಕೇಟ್ ಹಿಡ್ಕೊಂಡು ಬ್ಯಾಂಕಿಗೆ ಹೋದ್ರೆ ಪಹಣಿ ತನ್ನಿ, ಜಾಮೀನಿಗೆ ಜನ ಕರ್ಕೊಂಡು ಬನ್ನಿ ಅಂತ ನಾಲ್ಕು ಸಲ ಅಲೆದಾಡ್ಸಿದ್ರು. ಜಮೀನಿದ್ರೆ ನಾವ್ಯಾಕೆ ನರೇಗಾಗೆ ಹೋಗ್ತಿದ್ವಿ? ಕೊನೆಗೆ ನಮ್ಮ ಸಂಘದಲ್ಲೇ ಸಾಲ ಎತ್ತಿ, ಉನ್ನತಿ ದುಡ್ಡೂ ಸೇರ್ಸಿ ಸೆಕೆಂಡ್ ಹ್ಯಾಂಡ್ ಪವರ್ ಮಿಷನ್ ತಗೊಂಡೆ.

ಟ್ರೈನಿಂಗ್ ಮುಗಿದ್ಮೇಲೂ ಎರಡು ವರ್ಷ ಅವ್ರು ಫಾಲೋಅಪ್ ಮಾಡ್ತಾರೆ, ನಂಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಅದೇ. ಬ್ಯಾಂಕಿಂದ ಅತ್ಕೊಂಡು ಬಂದ ವಾರ ಆರ್‌ಸೆಟಿ ಮೇಡಂ ಫೋನ್ ಮಾಡಿ ಹೊಲಿಗೆ ಬಿಡ್ಬೇಡ ಅಂತ ಏನೂ ಹೇಳ್ಲಿಲ್ಲ, ಈ ವಾರ ಎಷ್ಟು ಬ್ಲೌಸ್ ಹೊಲ್ದೆ ಅಂತ ಅಷ್ಟೇ ಕೇಳಿದ್ರು. ಮೂರು ಅಂದೆ. ಮುಂದಿನ್ವಾರ ಐದು ಮಾಡು, ಮತ್ತೆ ಕೇಳ್ತೀನಿ ಅಂದ್ರು, ಕೇಳಿದ್ರು ಕೂಡ.