ಮೈಸೂರಿಗೆ ಮನೆ ಬದಲಾಯಿಸುವುದಾದರೆ: ಮೊದಲು ರಿಂಗ್ ರೋಡ್ ನೋಡಿ, ಆಮೇಲೆ ಬಾಡಿಗೆ

ರಿಂಗ್ ರೋಡ್ ಮೈಸೂರನ್ನು ಎರಡು ಊರು ಮಾಡಿಟ್ಟಿದೆ. ಜಾಹೀರಾತಿನಲ್ಲಿ ಕಾಣುವುದು ಒಳಗಿನ ಊರು: ಮರ ಕವಿದ ಬೀದಿ, ನಡೆದು ಹೋಗುವಷ್ಟು ಹತ್ತಿರದ ತರಕಾರಿ ಅಂಗಡಿ, ನಲ್ಲಿಯಲ್ಲಿ ಹೊಳೆ ನೀರು. ಬೆಂಗಳೂರಿನಿಂದ ಬಂದವರಿಗೆ ಬ್ರೋಕರ್‌ಗಳು ತೋರಿಸುವ ಮನೆಗಳಲ್ಲಿ ಹೆಚ್ಚಿನವು ಹೊರಗಿನ ಊರಿನವು. ಎರಡರ ಅಂಚೆ ವಿಳಾಸದಲ್ಲೂ ಮೈಸೂರು ಎಂದೇ ಇರುತ್ತದೆ. ಆದ್ದರಿಂದ ಈ ಊರಿಗೆ ಅಂಕವನ್ನೂ ಎರಡಾಗಿಯೇ ಕೊಡಬೇಕು. ಒಳಗಿನದಕ್ಕೆ ಐದಕ್ಕೆ ನಾಲ್ಕು, ಹೊರಗಿನದಕ್ಕೆ ಎರಡೂವರೆ. ವಾರದಲ್ಲಿ ಐದು ದಿನ ವೈಟ್‌ಫೀಲ್ಡಿನ ಆಫೀಸಿನಲ್ಲಿ ಕೂರಲೇಬೇಕಾದವರು ಅಂಕ ನೋಡುವ ಗೋಜಿಗೇ ಹೋಗಬೇಡಿ.

ನೀರಿನಿಂದ ಶುರು ಮಾಡೋಣ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ, ಗೋಕುಲಂ, ಯಾದವಗಿರಿ, ವಿಜಯನಗರದ ಮೊದಲೆರಡು ಹಂತ, ಸಿದ್ಧಾರ್ಥನಗರ ಇವೆಲ್ಲ ವಾಣಿವಿಲಾಸ ನೀರು ಸರಬರಾಜು ಜಾಲದ ಹಳೆಯ ಬಡಾವಣೆಗಳು. ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಘಟಕಗಳಿಂದ ಕಾವೇರಿ ನೀರೂ ಬಿದರಗೂಡಿನಿಂದ ಕಬಿನಿ ನೀರೂ ಈ ಜಾಲಕ್ಕೆ ಬರುತ್ತವೆ. ರಿಂಗ್ ರೋಡ್ ದಾಟಿದ ಮೇಲಿನ ಖಾಸಗಿ ಲೇಔಟುಗಳಲ್ಲಿ ಬಹಳಷ್ಟು ಕಡೆ ಬೋರ್‌ವೆಲ್ಲೇ ಗತಿ, ಏಪ್ರಿಲ್ ಬಂದರೆ ಟ್ಯಾಂಕರ್. ಆ ಭಾಗಗಳಿಗೆಂದು ಹಳೇ ಉಂಡುವಾಡಿಯಿಂದ ಕಾವೇರಿ ನೀರು ತರುವ ಯೋಜನೆ ಕೈಗೆತ್ತಿಕೊಂಡಿದ್ದಾರೆ. ಬ್ರೋಕರ್ ಬಾಯಲ್ಲಿ ಇದು “ಕಾವೇರಿ ಬರುತ್ತೆ ಸಾರ್” ಎಂದಾಗುತ್ತದೆ. ಕನ್ನಡದ ‘ಬರುತ್ತೆ’ ಇವತ್ತಿಗೂ ಆಗುತ್ತದೆ, ಐದು ವರ್ಷದ ನಂತರಕ್ಕೂ ಆಗುತ್ತದೆ. “ನಿನ್ನೆ ಬಂತಾ? ಎಷ್ಟು ಹೊತ್ತಿಗೆ ಬಂತು?” ಎಂದು ಬಿಡಿಸಿ ಕೇಳಿ.

ಮಾತು ನಂಬುವ ಮೊದಲು ಬಚ್ಚಲಿಗೆ ಹೋಗಿ. ಶವರಿನ ತೂತುಗಳ ಸುತ್ತ ಸುಣ್ಣದಂಥ ಬಿಳಿ ಹಕ್ಕಳೆ ಕಟ್ಟಿದ್ದರೆ, ನಲ್ಲಿಯ ಬುಡದಲ್ಲಿ ಒರಟು ಉಂಗುರ ಕೂತಿದ್ದರೆ, ಆ ಮನೆಗೆ ಬರುತ್ತಿರುವುದು ಗಡಸು ಬೋರ್ ನೀರು. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ನಲ್ಲಿಗಳನ್ನೂ ಉಜ್ಜಿ ಹೊಳೆಸಿರುತ್ತಾರೆ. ಅಂಥಲ್ಲಿ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ ಒಳಗೋಡೆ ನೋಡಿ, ಅದನ್ನು ಯಾರೂ ಉಜ್ಜಿರುವುದಿಲ್ಲ. ಗಡಸು ನೀರಿನಲ್ಲಿ ಗೀಸರ್ ಕಾಯಿಲ್ ಮೇಲೆ ಪದರ ಕಟ್ಟಿ ನೀರು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ಸೋಲಾರ್ ಹೀಟರಿನ ಕೊಳವೆಯೂ ಹೀಗೇ ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮನೆ ನೋಡಲು ಹೋಗುವಾಗ ಜೇಬಿನಲ್ಲಿರಲಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು ಎಂದಿದೆ. ಮೀಟರ್ 1000 ದಾಟಿ ತೋರಿಸಿದರೆ ಆರ್‌ಒ ಮೆಂಬ್ರೇನಿನ ಖರ್ಚನ್ನೂ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ. ಸಂಪಿನ ಮುಚ್ಚಳ ತೆಗೆಸಿ ಅದು ಎಷ್ಟು ಲೀಟರಿನದು, ಮೇಲಿನ ಮನೆಯವರೂ ಅದನ್ನೇ ಬಳಸುತ್ತಾರೆಯೇ ಕೇಳಿ. ಯಾವ ದಿನ ಎಷ್ಟು ಹೊತ್ತು ನೀರು ಬಿಡುತ್ತಾರೆ ಎಂಬುದಕ್ಕೆ ಮಾಲೀಕರಿಗಿಂತ ಪಕ್ಕದ ಮನೆಯ ಅಜ್ಜಿಯ ಉತ್ತರ ಹೆಚ್ಚು ಖಚಿತವಾಗಿರುತ್ತದೆ.

ನೀರಿನ ಜೊತೆಗೇ ಒಳಚರಂಡಿ. ಹೊರಗಿನ ಊರಿನಲ್ಲಿ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಕಸ, ಬೀದಿದೀಪ, ಚರಂಡಿಗೆ ಈಗ ದೂರು ಕೊಡಬೇಕಾದ ಕಚೇರಿ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಡೆವಲಪರ್ ಇನ್ನೂ ಹಸ್ತಾಂತರಿಸದ ಲೇಔಟಾದರೆ ಯಾವ ಕಚೇರಿಯೂ ನಿಮ್ಮದಲ್ಲ, ಒಳಚರಂಡಿ (ಯುಜಿಡಿ) ಪೈಪು ಹಾಕಿರುತ್ತಾರೆ, ಅದು ಎಲ್ಲಿಗೆ ಸೇರುತ್ತದೆ ಎಂದರೆ ತಗ್ಗಿನ ಕೆರೆಯ ಕಡೆ ಕೈ ತೋರಿಸುತ್ತಾರೆ. ಒಳಗಿನ ಊರಿನಲ್ಲೂ ಒಂದು ಕಡೆ ಎಚ್ಚರ ಬೇಕು. ವಿದ್ಯಾರಣ್ಯಪುರಂ ಬಳಿಯ ಸೂಯೇಜ್ ಫಾರ್ಮಿನಲ್ಲಿ ವರ್ಷಗಳಿಂದ ಕಸ ರಾಶಿ ಬಿದ್ದಿದ್ದು, ಗಾಳಿ ತಿರುಗಿದಾಗ ಸುತ್ತಲಿನ ಬಡಾವಣೆಗಳಿಗೆ ವಾಸನೆ ಹೊಡೆಯುತ್ತದೆ. ಆ ಭಾಗದಲ್ಲಿ ಮನೆ ನೋಡುವುದಾದರೆ ಬೆಳಿಗ್ಗೆ ಒಮ್ಮೆ ನೋಡಿ ಬಂದರೆ ಸಾಲದು, ರಾತ್ರಿ ಎಂಟರ ಮೇಲೆ ಇನ್ನೊಮ್ಮೆ ಹೋಗಿ ಬೀದಿಯಲ್ಲಿ ಹತ್ತು ನಿಮಿಷ ನಿಲ್ಲಿ.

ಇನ್ನು ಕೆಲಸ. “ಮೈಸೂರಲ್ಲಿದ್ದುಕೊಂಡೇ ಬೆಂಗಳೂರಿಗೆ ಓಡಾಡಬಹುದು” ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ರೈಲ್ವೆ ಮಾಸಿಕ ಪಾಸು 150 ಕಿಲೋಮೀಟರ್ ದೂರದವರೆಗೆ ಸಿಗುತ್ತದೆ, ಮೈಸೂರು–ಬೆಂಗಳೂರು ಅದರೊಳಗೇ ಬರುವುದರಿಂದ ಓಡಾಟದ ಖರ್ಚು ಹಗುರ. ಚಾಮುಂಡಿ ಎಕ್ಸ್‌ಪ್ರೆಸ್ ಪಾಸಿನವರದೇ ಗಾಡಿ. ಮೈಸೂರಿನಲ್ಲಿ ಹತ್ತಿದವರಿಗೆ ಸೀಟು ಸಿಗುತ್ತದೆ, ಮಂಡ್ಯ, ಮದ್ದೂರು ದಾಟುವಷ್ಟರಲ್ಲಿ ಬಾಗಿಲಲ್ಲೂ ಜನ. ಎರಡೂವರೆ ಗಂಟೆಯ ಮೇಲೆ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದು ವೈಟ್‌ಫೀಲ್ಡ್ ಮುಟ್ಟುವಷ್ಟರಲ್ಲಿ ಮನೆ ಬಿಟ್ಟು ನಾಲ್ಕು ಗಂಟೆ ಆಗಿರುತ್ತದೆ, ಸಂಜೆ ಮತ್ತೆ ಅಷ್ಟೇ. ಆಫೀಸು ಮೈಸೂರು ರಸ್ತೆಯ ಬದಿಗಿದ್ದರೆ ಕೆಂಗೇರಿಯಲ್ಲೇ ಇಳಿಯಬಹುದು, ಅಂಥವರಿಗೆ ಮಾತ್ರ ಲೆಕ್ಕ ಕೂಡಿ ಬರುತ್ತದೆ. ವಂದೇ ಭಾರತ್ ಎರಡು ಗಂಟೆಯೊಳಗೆ ತಲುಪಿಸುತ್ತದೆ ನಿಜ, ಆದರೆ ಪಾಸು ನಡೆಯುವುದಿಲ್ಲ. 2022ರ ನವೆಂಬರಿನಲ್ಲಿ ಬಂದ ಮೊದಲ ಗಾಡಿ ಮೈಸೂರು ಬಿಡುವುದು ಮಧ್ಯಾಹ್ನ. 2024ರಲ್ಲಿ ಬಂದ ಎರಡನೆಯದು ಬೆಳಗಿನ ಜಾವ ಹೊರಟು, ಮರಳುವುದು ರಾತ್ರಿ ಹನ್ನೊಂದರ ಮೇಲೆ. ತಿಂಗಳಿಗೆ ಎರಡು ಸಲ ಮೀಟಿಂಗಿಗೆ ಹೋಗುವವರಿಗೆ ಇದು ಚೆನ್ನ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ‘75 ನಿಮಿಷ’ದ ಲೆಕ್ಕ ಬೆಂಗಳೂರಿನ ಅಂಚಿನಿಂದ ಮೈಸೂರು ರಿಂಗ್ ರೋಡ್ ತನಕದ್ದು. ಬೆಂಗಳೂರೊಳಗಿನ ಹೊತ್ತನ್ನು ನೀವೇ ಸೇರಿಸಿಕೊಳ್ಳಬೇಕು. ಬಿಡದಿ ಬಳಿಯೂ ಗಣಂಗೂರಿನಲ್ಲೂ ಟೋಲ್ ಇದೆ, ಕಾರಿಗೆ ವೇಗಮಿತಿ ಗಂಟೆಗೆ 100 ಕಿ.ಮೀ. ಬೈಕಿನಲ್ಲಿ ಓಡಾಡುವ ಯೋಚನೆ ಇದ್ದರೆ ಬಿಡಿ: 2023ರ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್ ಬರುವಂತಿಲ್ಲ. ಅವು ಊರೂರಿನ ತಿರುವು, ಹಂಪು ದಾಟುತ್ತ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ಮೈಸೂರಿನಲ್ಲೇ ಕೆಲಸ ಹುಡುಕಿಕೊಳ್ಳುವವರು ಒಂದು ಕಂಪನಿಯ ಆಫರ್ ಲೆಟರ್ ಮಾತ್ರ ನೋಡಬೇಡಿ. ಇನ್ಫೋಸಿಸ್ ಇದೆ, ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳಿವೆ, ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ಹಿಂದೆ ಡಿಎಫ್‌ಆರ್‌ಎಲ್ ಎನ್ನುತ್ತಿದ್ದ ರಕ್ಷಣಾ ಪ್ರಯೋಗಾಲಯ, ವಾಕ್ ಮತ್ತು ಶ್ರವಣ ಸಂಸ್ಥೆ ಆಯಿಷ್‌ನಂಥ ಸಂಸ್ಥೆಗಳಿವೆ. ತೊಡಕು ಎರಡನೇ ಕೆಲಸದ್ದು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿ ಇನ್ನೊಬ್ಬರು ಕಾಯುವುದು ಇಲ್ಲಿ ಸಾಮಾನ್ಯ. ಈಗಿನ ಕೆಲಸ ಹೋದರೆ ಇದೇ ಊರಿನಲ್ಲಿ ಅದೇ ಸಂಬಳಕ್ಕೆ ಅರ್ಜಿ ಹಾಕಬಹುದಾದ ಬೇರೆ ಕಂಪನಿಗಳು ಎಷ್ಟಿವೆ ಎಂದು ಎಣಿಸಿ. ಮೂರಕ್ಕಿಂತ ಕಡಿಮೆಯಾದರೆ ಮೊದಲ ವರ್ಷ ಬಾಡಿಗೆ ಮನೆಯೇ ಸರಿ, ಸೈಟಿನ ಆಸೆ ಬೇಡ. (ಊರ ಅಂಚಿನ ಹಸಿರಿಗೆ ಮರುಳಾಗುವವರಿಗೆ ನೆನಪಿರಲಿ: 2024ರ ಡಿಸೆಂಬರ್ ಕೊನೆಯಲ್ಲಿ ಇನ್ಫೋಸಿಸ್ ಕ್ಯಾಂಪಸ್ಸಿಗೇ ಚಿರತೆ ಬಂದು ಉದ್ಯೋಗಿಗಳಿಗೆ ಮನೆಯಿಂದ ಕೆಲಸ ಮಾಡಲು ಹೇಳಬೇಕಾಯಿತು.)

ಬಾಡಿಗೆ ಬೆಂಗಳೂರಿಗಿಂತ ಕಡಿಮೆ, ಅದರಲ್ಲಿ ಮೋಸವಿಲ್ಲ. ಮೋಸ ಹೋಗುವುದು ಭೋಗ್ಯದಲ್ಲಿ. ‘ಲೀಸಿಗೆ’ ಎಂದು ಬೋರ್ಡ್ ತೂಗುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್. ಮಾಲೀಕರು ಆ ದುಡ್ಡನ್ನು ಇನ್ನೊಂದು ಸೈಟಿಗೋ ಮಗಳ ಮದುವೆಗೋ ಹಾಕಿರುತ್ತಾರೆ, ಮುಂದಿನ ಭೋಗ್ಯದಾರರು ಸಿಗುವತನಕ ಹಿಂದಿರುಗಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಮನೆ ಬ್ಯಾಂಕಿನಲ್ಲಿ ಅಡವಿದ್ದರೆ ನಿಮ್ಮ ಸರದಿ ಬ್ಯಾಂಕಿನ ನಂತರ. ಮುಂಗಡ ಕೊಡುವ ಮೊದಲು ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲಿನಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ, ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಹಣ ಬ್ಯಾಂಕ್ ಮೂಲಕವೇ ಹೋಗಲಿ. ಛಾಪಾ ಕಾಗದದ ಮೇಲೆ ನೋಟರಿ ಮೊಹರು ಒತ್ತಿಸಿದರೆ ಸಾಕು ಎನ್ನುವವರು ಸಿಗುತ್ತಾರೆ. ಸ್ವಾಧೀನ ಕೊಟ್ಟ ಭೋಗ್ಯ ಕಾನೂನಿನ ಕಣ್ಣಿಗೆ ಅಡಮಾನ, ನೋಂದಣಿಯಾಗದಿದ್ದರೆ ಅದರ ಬಲ ಕುಗ್ಗುತ್ತದೆ. ನೋಂದಣಿಗೆ ಮಾಲೀಕರು ಹಿಂದೇಟು ಹಾಕಿದರೆ ಬಾಡಿಗೆಗೇ ಕೇಳಿ, ಅಥವಾ ಮುಂದಿನ ಮನೆ ನೋಡಿ.

ಚೌಕಾಸಿಗೆ ಒಳ್ಳೆ ಕಾಲ ಆಷಾಢ. ಆ ತಿಂಗಳು ಯಾರೂ ಹೊಸ ಮನೆಗೆ ಹಾಲುಕ್ಕಿಸುವುದಿಲ್ಲ, ಖಾಲಿ ಬಿದ್ದ ಮನೆಯ ಮಾಲೀಕರೂ ಪ್ಯಾಕರ್ಸ್‌ನವರೂ ಮಾತಿಗೆ ಬಗ್ಗುತ್ತಾರೆ. ಶ್ರಾವಣ ಹುಟ್ಟಿದ ವಾರವೇ ದರ ಏರುತ್ತದೆ. ದಸರೆಯ ಹತ್ತು ದಿನ ಮಾತ್ರ ಬೇಡವೇ ಬೇಡ, ಅರಮನೆ ಸುತ್ತಲಿನ ರಸ್ತೆಗಳು ಏಕಮುಖವಾಗಿ ಲಾರಿ ಎಲ್ಲಿಂದ ಎಲ್ಲಿಗೋ ಸುತ್ತಬೇಕಾಗುತ್ತದೆ.

ಆಸ್ಪತ್ರೆ, ಶಾಲೆಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕೆ.ಆರ್. ಆಸ್ಪತ್ರೆ, ಹೃದಯಕ್ಕೆ ಜಯದೇವ, ಜೆಎಸ್‌ಎಸ್, ಖಾಸಗಿ ಸರಣಿ ಆಸ್ಪತ್ರೆಗಳು ಎಲ್ಲ ಇವೆ, ಒಳಗಿನ ಊರಿನಲ್ಲಿದ್ದರೆ ಅರ್ಧ ಗಂಟೆಯೊಳಗೆ ತಲುಪಬಹುದು. ಸಿಟಿ ಬಸ್ಸು ಹಗಲಿಗೆ ಚೆನ್ನಾಗಿದೆ, ರಾತ್ರಿ ಒಂಬತ್ತೂವರೆ ಮೇಲೆ ಹೊರಗಿನ ಲೇಔಟುಗಳಿಗೆ ಸ್ವಂತ ಗಾಡಿಯೇ ಬೇಕು. ಸೆಖೆ ಬೆಂಗಳೂರಿಗಿಂತ ಒಂದು ಕೈ ಹೆಚ್ಚು, ಊರು ಸುಮಾರು 150 ಮೀಟರ್ ತಗ್ಗಿನಲ್ಲಿದೆ. ತಾರಸಿಯ ಕೆಳಗಿನ ಮನೆಯಾದರೆ ಮಾರ್ಚಿನ ಸಂಜೆ ಒಮ್ಮೆ ಗೋಡೆ ಮುಟ್ಟಿ ನೋಡಿ.

ಸಾಮಾನು ಸಾಗಿಸುವುದಕ್ಕೆ ಬರೋಣ. ಒಂದು ಬೆಡ್‌ರೂಮ್ ಮನೆಗೆ ಪಿಕಪ್ ಸಾಕು, ಎರಡಕ್ಕೆ 14 ಅಡಿ ಲಾರಿ, ಮೂರಕ್ಕೆ 17 ಅಡಿ. ಫೋನಿನಲ್ಲಿ ದರ ಹೇಳಿ ಲೋಡ್ ಆದ ಮೇಲೆ “ಸಾಮಾನು ಜಾಸ್ತಿ ಆಯ್ತು” ಎನ್ನುವುದು ಈ ಧಂದೆಯ ಹಳೇ ಚಾಳಿ. ಕೋಣೆಕೋಣೆಯ ವಿಡಿಯೊ ಕಳಿಸಿ, ಪಟ್ಟಿ ಬರೆಸಿ, ಜಿಎಸ್‌ಟಿ, ಟೋಲ್, ಮಹಡಿ ಕೂಲಿ ಸೇರಿದೆಯೇ ಎಂದು ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ. ‘ಪಾರ್ಟ್ ಲೋಡ್’ ಅಗ್ಗ, ಆದರೆ ದಾರಿಯಲ್ಲಿ ಗೋಡೌನಿಗೆ ಇಳಿಸಿ ಇನ್ನೊಂದು ಲಾರಿಗೆ ಏರಿಸುತ್ತಾರೆ, ಒಡೆಯುವುದು ಹೆಚ್ಚಾಗಿ ಅಲ್ಲೇ. ಬೆಂಗಳೂರಿನಲ್ಲಿ ದಟ್ಟಣೆಯ ಹೊತ್ತು ಸರಕು ವಾಹನಗಳಿಗೆ ನಿರ್ಬಂಧವಿರುವುದರಿಂದ ಹನ್ನೊಂದರೊಳಗೆ ಲೋಡ್ ಮುಗಿಸಿ ಮಧ್ಯಾಹ್ನ ಹೊರಟರೆ ಸಂಜೆ ಬೆಳಕಿರುವಾಗಲೇ ಇಳಿಸಬಹುದು.

ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಹಿಮ ಕರಗಿದ ನೀರು ಬಸಿಯಿರಿ. ಮಲಗಿಸಿ ಸಾಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ. ಇಳಿಸಿದ ಮೇಲೆ ನೆಟ್ಟಗೆ ನಿಲ್ಲಿಸಿ ನಾಲ್ಕು ಗಂಟೆ ಬಿಟ್ಟು ಸ್ವಿಚ್ ಹಾಕಿ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಕೊಂಡಾಗ ಹಿಂಬದಿಯಿಂದ ಬಿಚ್ಚಿಕೊಟ್ಟಿದ್ದ ಉದ್ದನೆಯ ಬೋಲ್ಟುಗಳನ್ನು ಹುಡುಕಿ ಮತ್ತೆ ಹಾಕಿಸಿ. ಅವಿಲ್ಲದೆ ಲಾರಿಯಲ್ಲಿ ಡ್ರಮ್ಮು ತೂಗಾಡಿ ಸಸ್ಪೆನ್ಷನ್ ಕೀಳುತ್ತದೆ. ಎಸಿ ಬಿಚ್ಚುವ ಮೊದಲು ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆಸಿ ವಾಲ್ವ್ ಮುಚ್ಚಿಸದಿದ್ದರೆ ಮೈಸೂರಿನಲ್ಲಿ ಮತ್ತೆ ಗ್ಯಾಸ್ ತುಂಬಿಸುವ ಖರ್ಚು.

ಕಾಗದಪತ್ರದ ಕೆಲಸ ಕಡಿಮೆ, ರಾಜ್ಯ ಅದೇ ಆದ್ದರಿಂದ ಗಾಡಿಗೆ ಹೊಸ ನಂಬರೂ ಬೇಡ, ರಸ್ತೆ ತೆರಿಗೆಯೂ ಬೇಡ. 30 ದಿನದೊಳಗೆ ಆರ್‌ಸಿಯಲ್ಲಿ ವಿಳಾಸ ಬದಲಿಸಿದರಾಯಿತು. ಮತದಾರರ ಪಟ್ಟಿಗೆ ನಮೂನೆ 8. ಸಿಲಿಂಡರ್, ರೆಗ್ಯುಲೇಟರ್ ಬೆಂಗಳೂರಿನ ಏಜೆನ್ಸಿಗೆ ಮರಳಿಸಿ ವರ್ಗಾವಣೆ ವೋಚರ್ ಪಡೆದು ಇಲ್ಲಿ ಕೊಡಬೇಕು, ಲಾರಿಯಲ್ಲಿ ಸಿಲಿಂಡರ್ ಏರಿಸಬೇಡಿ. ಜನ ಮರೆಯುವುದು ಗೃಹಜ್ಯೋತಿಯನ್ನು. ಹಳೆ ಮನೆಯ ಆರ್‌ಆರ್ ಸಂಖ್ಯೆಯಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಆಧಾರ್ ಡಿ-ಲಿಂಕ್ ಮಾಡದೆ ಬಂದರೆ ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್‌ನ ಹೊಸ ಮೀಟರಿಗೆ ಈ ಯೋಜನೆಯ ಅರ್ಜಿ ಹಾಕಲಾಗುವುದಿಲ್ಲ. ಬೆಂಗಳೂರಿನ ಮನೆಯ ಕೊನೆಯ ಬಿಲ್ ಕಟ್ಟಿದ ದಿನವೇ ಡಿ-ಲಿಂಕ್ ಮಾಡಿ, ಮೈಸೂರಿನ ಮನೆಯ ಆರ್‌ಆರ್ ಸಂಖ್ಯೆಯನ್ನು ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳಿ.