ಹತ್ತು ದಿನದ ವಿಪಶ್ಯನ ಶಿಬಿರ: ಮನೆಗೆ ಬಂದ ಮೇಲೆ ಎಷ್ಟು ಉಳಿಯುತ್ತದೆ?

ವಿಪಶ್ಯನ ಎಂದರೆ ಮೈಯ ಸಂವೇದನೆಗಳನ್ನು ಸುಮ್ಮನೆ ಗಮನಿಸುವ ಧ್ಯಾನ. ಅದನ್ನು ಕಲಿಸಿದ ಆಚಾರ್ಯ ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಶಿಬಿರದ ಬಗ್ಗೆ ಕೇಳಿಬರುವ ಮಾತೆಲ್ಲ ಹೆಚ್ಚಾಗಿ ಮೌನ, ಮಂಡಿನೋವು, ಮೊಬೈಲ್ ಇಲ್ಲದ ಕಷ್ಟ ಇಷ್ಟರಲ್ಲೇ ಮುಗಿದುಹೋಗುತ್ತದೆ. ಹತ್ತು ದಿನ ಹೇಗೋ ಕಳೆಯುತ್ತದೆ. ಮನೆಗೆ ಹೋದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ದಿನವೂ ಕೂರಬೇಕು ಎಂಬುದು ಶಿಬಿರವೇ ಕೊಡುವ ಸೂಚನೆ. ಆ ಎರಡು ಗಂಟೆಗೆ ಅದು ನಮ್ಮನ್ನು ಎಷ್ಟರಮಟ್ಟಿಗೆ ಸಿದ್ಧಮಾಡಿ ಕಳಿಸುತ್ತದೆ ಎಂಬುದರ ಮೇಲೆ ಅದಕ್ಕೆ ಅಂಕ ಕೊಡಬೇಕು.

ಬೆಂಗಳೂರಿನ ಕೇಂದ್ರ ಧಮ್ಮ ಪಫುಲ್ಲ, ತುಮಕೂರು ರಸ್ತೆಯಿಂದ ಒಳಗೆ, ದಾಸನಪುರ ಹೋಬಳಿಯ ಆಲೂರಿನಲ್ಲಿದೆ. ಊಟ, ವಸತಿ, ಕಲಿಕೆ ಯಾವುದಕ್ಕೂ ಶುಲ್ಕವಿಲ್ಲ. ಒಂದು ಶಿಬಿರವನ್ನಾದರೂ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ಪಡೆಯುತ್ತಾರೆ. ಬಡಿಸುವವರು, ನಿರ್ವಹಣೆ ನೋಡಿಕೊಳ್ಳುವವರು ಸಂಬಳವಿಲ್ಲದೆ ದುಡಿಯುವ ಹಳೆ ಸಾಧಕರು, ಅಂದರೆ ಹಿಂದೆ ಶಿಬಿರ ಮುಗಿಸಿದವರು. ರಜೆ ಹಾಕುವಾಗ 10 ದಿನ ಎಂದು ಬರೆದರೆ ಸಾಲದು: ಹಿಂದಿನ ದಿನ ಮಧ್ಯಾಹ್ನ ಹೋಗಿ ಸೇರಬೇಕು, 11ನೆಯ ದಿನ ಬೆಳಿಗ್ಗೆ ಬಿಡುತ್ತಾರೆ, ಒಟ್ಟು 12 ದಿನ ಬೇಕು. ಮಧ್ಯದಲ್ಲಿ ಎದ್ದು ಬರುವ ಯೋಚನೆಯಿದ್ದರೆ ಅರ್ಜಿ ಹಾಕದಿರುವುದೇ ಒಳ್ಳೆಯದು. ನಾಲ್ಕನೆಯ ದಿನದವರೆಗೆ ಮುಖ್ಯ ಪಾಠ ಶುರುವೇ ಆಗಿರುವುದಿಲ್ಲ.

ಬೆಳಿಗ್ಗೆ 4ಕ್ಕೆ ಎಬ್ಬಿಸುತ್ತಾರೆ, ರಾತ್ರಿ 9.30ಕ್ಕೆ ದೀಪ ಆರುತ್ತದೆ. ನಡುವೆ ಹತ್ತು ಗಂಟೆಗೂ ಹೆಚ್ಚು ಕಾಲ ಕೂರುವುದು. ಮೊದಲ ಮೂರೂವರೆ ದಿನ ಆನಾಪಾನ: ಸಹಜವಾಗಿ ಬರುವ, ಹೋಗುವ ಉಸಿರನ್ನು ಮೂಗಿನ ಬಳಿ ಗಮನಿಸುವುದು. ಬರಬರುತ್ತ ಗಮನದ ಜಾಗ ಮೂಗಿನ ಕೆಳಗೆ, ಮೇಲ್ದುಟಿಯ ಮೇಲಿನ ಚಿಕ್ಕ ಭಾಗಕ್ಕೆ ಇಳಿಯುತ್ತದೆ. ಮಂತ್ರವಿಲ್ಲ, ಎಣಿಕೆಯಿಲ್ಲ, ಉಸಿರು ಹಿಡಿದಿಡುವ ಕುಂಭಕವಿಲ್ಲ. ಪ್ರಾಣಾಯಾಮ ರೂಢಿಯಾದವರು ಇಲ್ಲಿಯೇ ತಡವರಿಸುವುದು. ಗೊತ್ತಿಲ್ಲದಂತೆ ಉಸಿರನ್ನು ಎಳೆದು ಅಳತೆಗೆ ತರುತ್ತಾರೆ. ಜಪದ ಅಭ್ಯಾಸವಿದ್ದವರಿಗೆ ಉಸಿರಿನ ಜೊತೆ ನಾಮ ತಾನೇ ಅಂಟಿಕೊಳ್ಳುತ್ತದೆ. ಎರಡನ್ನೂ ಹತ್ತು ದಿನ ಬದಿಗಿಡಲು ಹೇಳುತ್ತಾರೆ. ಬೆರಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ ಎಂಬ ಕಾರಣ ಒಪ್ಪುವಂಥದ್ದೇ.

ನಾಲ್ಕನೆಯ ದಿನ ಮಧ್ಯಾಹ್ನದಿಂದ ವಿಪಶ್ಯನ. ನೆತ್ತಿಯಿಂದ ಪಾದದವರೆಗೆ ಗಮನವನ್ನು ಅಂಗ ಅಂಗವಾಗಿ ಸಾಗಿಸುತ್ತ ಬಿಸಿ, ತುರಿಕೆ, ಸೆಳೆತ, ಭಾರ, ಏನು ಸಿಕ್ಕಿದರೂ ಅದಕ್ಕೆ ಆಸೆಪಡದೆ, ಹೇಸದೆ ನೋಡುವುದು. ದಿನಕ್ಕೆ ಮೂರು ಬಾರಿ ಅಧಿಷ್ಠಾನದ, ಅಂದರೆ ದೃಢಸಂಕಲ್ಪದ ಬೈಠಕ್: ಒಂದು ಗಂಟೆ ಕಣ್ಣು ತೆರೆಯುವಂತಿಲ್ಲ, ಕೈ, ಕಾಲು ಕದಲಿಸುವಂತಿಲ್ಲ. ದಿನನಿತ್ಯಕ್ಕೆ ಇದರ ಉಪಯೋಗ ಇರುವುದು ಇಲ್ಲಿಯೇ. ಸಿಟ್ಟು ಬಾಯಿಗೆ ಬರುವ ಮೊದಲು ಮೈಗೆ ಬರುತ್ತದೆ: ಉಸಿರು ಬಿರುಸಾಗುತ್ತದೆ, ಎದೆ ಬಿಗಿಯುತ್ತದೆ, ಮುಖ ಕಾಯುತ್ತದೆ. ತುರಿಕೆಯನ್ನು ಕೆರೆದುಕೊಳ್ಳದೆ ನೋಡಿ ಪಳಗಿದವರಿಗೆ ಆ ಬಿಗಿತ ಬೇಗ ಕಾಣುತ್ತದೆ, ಕಂಡಾಗ ಅರೆಕ್ಷಣದ ಬಿಡುವು ಸಿಗುತ್ತದೆ. ಅಭ್ಯಾಸ ಬಿಟ್ಟರೆ ಮೊದಲು ಮಂಕಾಗುವುದೂ ಈ ಸೂಕ್ಷ್ಮವೇ. ಭಾನುವಾರಕ್ಕೊಮ್ಮೆ ಕೂತರೆ ಅದು ನಿಲ್ಲುವುದಿಲ್ಲ.

ಗೋಯೆಂಕಾ 2013ರಲ್ಲಿ ತೀರಿಕೊಂಡರು. ಕಲಿಸುವುದು ಈಗಲೂ ಅವರ ಧ್ವನಿಮುದ್ರಣ. ಹಿಂದಿ, ಇಂಗ್ಲಿಷಿನ ಪ್ರವಚನಗಳಿಗೆ ಕನ್ನಡ ಅನುವಾದವೂ ಇದೆ. ಎಲ್ಲ ಕೇಂದ್ರಗಳಲ್ಲೂ ಪಾಠ ಒಂದೇ ಆಗಿರುತ್ತದೆ, ಯಾರೂ ತಮ್ಮದನ್ನು ಸೇರಿಸುವುದಿಲ್ಲ, ಅದು ದೊಡ್ಡ ಅನುಕೂಲ. ಆದರೆ ಧ್ವನಿಮುದ್ರಣಕ್ಕೆ ನಿಮ್ಮ ಬೆನ್ನು ಬಾಗಿರುವುದು ಕಾಣದು. ಅದಕ್ಕಾಗಿ ಮಧ್ಯಾಹ್ನ 12ರಿಂದ 1ರವರೆಗೆ ಶಿಬಿರ ನಡೆಸುವ ಸಹಾಯಕ ಆಚಾರ್ಯರನ್ನು ಕಾಣುವ ಸಮಯವಿದೆ. ಸಂಕೋಚಪಟ್ಟು ಹೋಗದವರೇ ಹೆಚ್ಚು. ಹೋದವರು ತತ್ತ್ವ ಚರ್ಚಿಸದೆ "ಎಡ ಭುಜದಲ್ಲಿ ಏನೂ ತಿಳಿಯುತ್ತಿಲ್ಲ, ಎಷ್ಟು ಹೊತ್ತು ನಿಲ್ಲಲಿ?" ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಇನ್ನು ಮನೆಯ ವಿಷಯ. ಶಿಬಿರ ಸೋಲುವುದು ಇಲ್ಲಿ, ಸೋಲಿಗೆ ಕಾರಣಗಳೂ ಸಾಕಷ್ಟು ಸಾಮಾನ್ಯ. ಸಂಜೆಯ ಬೈಠಕ್ಕನ್ನು ಜನ ರಾತ್ರಿ ಊಟದ ನಂತರಕ್ಕೆ ತಳ್ಳುತ್ತಾರೆ, ತೂಕಡಿಸುತ್ತಾರೆ, ವಾರದೊಳಗೆ ಬಿಟ್ಟುಬಿಡುತ್ತಾರೆ. ಶಿಬಿರದಲ್ಲಿ ಮಧ್ಯಾಹ್ನದ ಊಟ 11ಕ್ಕೆ, ಸಂಜೆ 5ಕ್ಕೆ ಹೊಸಬರಿಗೆ ಹಣ್ಣು, ಚಹಾ ಅಷ್ಟೇ. 6ರ ಬೈಠಕ್ ಹಗುರ ಹೊಟ್ಟೆಯದಾಗಿತ್ತು ಎಂಬುದನ್ನು ಮರೆಯಬಾರದು. ಆಫೀಸಿನಿಂದ ಬಂದು, ಮುಖ ತೊಳೆದು, ಊಟಕ್ಕೆ ಮುಂಚೆ ಕೂರುವುದೊಂದೇ ದಾರಿ. ತೂಕಡಿಕೆ ಬಂದರೆ ಕೆಲವು ನಿಮಿಷ ಉಸಿರನ್ನು ಬೇಕೆಂದೇ ಸ್ವಲ್ಪ ಜೋರಾಗಿ ಆಡಿಸಿ ಮತ್ತೆ ಸಹಜಕ್ಕೆ ಬಿಡಬೇಕು. ಈ ಉಪಾಯವನ್ನು ಶಿಬಿರದಲ್ಲೇ ಹೇಳಿಕೊಡುತ್ತಾರೆ.

ಎರಡನೆಯದು ಆಸನ. ಹಾಸಿಗೆ, ಸೋಫಾ ಮೆತ್ತಗೆ ಕುಸಿದು ಸೊಂಟ ಮಂಡಿಗಿಂತ ತಗ್ಗುತ್ತದೆ, ಬೆನ್ನು ಗೂನಾಗುತ್ತದೆ. ನೆಲದ ಮೇಲೆ ಜಮಖಾನ ಹಾಸಿ, ಗಟ್ಟಿ ಕಂಬಳಿಯನ್ನು ನಾಲ್ಕರಿಂದ ಆರು ಅಂಗುಲ ಎತ್ತರಕ್ಕೆ ಮಡಚಿ ಅದರ ಮುಂಭಾಗದಲ್ಲಿ ಕೂತರೆ ಮಂಡಿ ನೆಲಕ್ಕೆ ತಾಗುತ್ತದೆ. ತೊಡೆಯ ಹಿಂಭಾಗವನ್ನು ಅಂಚು ಒತ್ತಿದರೆ ಕಾಲು ಜೋಮು ಹಿಡಿಯುತ್ತದೆ, ಆಗ ಮಡಿಕೆ ಸರಿಸಿಕೊಳ್ಳಿ. ಮಂಡಿ ಸರಿಯಿಲ್ಲದವರು ಕುರ್ಚಿಯಲ್ಲಿ ಕೂರಬಹುದು, ಅದರಲ್ಲಿ ಅವಮಾನವೇನಿಲ್ಲ.

ಮೂರನೆಯ ತಪ್ಪು ಸ್ವಲ್ಪ ಸೂಕ್ಷ್ಮದ್ದು. ಟ್ರಾಫಿಕ್ ದಾಟಿ ಬಂದ ಮನಸ್ಸನ್ನು ನೇರವಾಗಿ ನೆತ್ತಿಗೆ ಕರೆದೊಯ್ದರೆ ಅದು ಓಡುವುದು ಖಂಡಿತ. ಮೊದಲ ಹತ್ತು ನಿಮಿಷ ಆನಾಪಾನ ಮಾಡಿ. ಗಲಿಬಿಲಿ ತುಂಬ ಇದ್ದ ದಿನ ಇಡೀ ಗಂಟೆ ಅದರಲ್ಲೇ ಕಳೆದರೂ ನಷ್ಟವಿಲ್ಲ. ಶಿಬಿರದ ಕೊನೆಯ ದಿನಗಳಲ್ಲಿ ಕೆಲವರಿಗೆ ಮೈಯೆಲ್ಲ ನವಿರಾದ ಹರಿವು ತಿಳಿಯುತ್ತದೆ. ಮನೆಯಲ್ಲಿ ಅದು ಸಿಗದಿದ್ದಾಗ "ಹೋಯಿತು" ಎಂದು ಕೈಬಿಡುವವರು ಬಹಳ. ಕಲಿತದ್ದು ಸಮತೆಯನ್ನು, ಹರಿವನ್ನಲ್ಲ. ಭಾರವಾದ ಬೆನ್ನನ್ನು ಬೇಸರಪಡದೆ ನೋಡಿದ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಶಿಬಿರದ ಮೇಲಿನ ನಮ್ಮ ದೂರು ಒಂದೇ. ಮನೆಗೆ ಎರಡು ಗಂಟೆ ಎಂಬ ಲೆಕ್ಕ ಕೊಡುತ್ತಾರೆ, ಅದು ಆಗದವರಿಗೆ ನಡುವಿನ ಮೆಟ್ಟಿಲು ತೋರಿಸುವುದು ಕಡಿಮೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಪಾಳಿಯ ಕೆಲಸದಲ್ಲಿ ಎರಡು ಗಂಟೆ ಸುಲಭವಲ್ಲ. ಆಗದಿದ್ದಾಗ ಜನ ಪೂರ್ತಿ ನಿಲ್ಲಿಸುತ್ತಾರೆ. ಎರಡೂ ಹೊತ್ತು ಬಿಡದೆ ಅವಧಿಯನ್ನು 20 ನಿಮಿಷಕ್ಕೆ ಇಳಿಸಿಕೊಳ್ಳುವುದು, ವಾರಕ್ಕೊಮ್ಮೆ ಪೂರ್ತಿ ಗಂಟೆ ಕೂರುವುದು ಸರಿಯಾದ ಒಪ್ಪಂದ ಎಂದು ನಮ್ಮ ಅಭಿಪ್ರಾಯ. ಪರಂಪರೆ ಒಪ್ಪುವುದು ಗಂಟೆಯನ್ನೇ. ರಾತ್ರಿ ಮಲಗಿದ ಮೇಲೆ ಐದು ನಿಮಿಷ, ಬೆಳಿಗ್ಗೆ ಎಚ್ಚರಾದಾಗ ಐದು ನಿಮಿಷ ಹಾಸಿಗೆಯಲ್ಲೇ ಸಂವೇದನೆ ಗಮನಿಸಿ ಎಂಬ ಕಡೆಯ ದಿನದ ಸಲಹೆ ಮಾತ್ರ ಎಂಥವರಿಗೂ ಸಾಧ್ಯ.

ನಂತರದ ಆಸರೆ ಚೆನ್ನಾಗಿದೆ, ಕೇಳಿದವರಿಗೆ. ವಾರದ ಸಾಮೂಹಿಕ ಸಾಧನೆ, ಹಳೆ ಸಾಧಕರಿಗೆ ಒಂದು ದಿನದ ಶಿಬಿರ, ವರ್ಷಕ್ಕೊಮ್ಮೆ ಮತ್ತೆ ಹತ್ತು ದಿನ. ಒಂಟಿಯಾಗಿ ಕೂತು ಜಡವಾದವರಿಗೆ ಗುಂಪಿನಲ್ಲಿ ಕೂತ ಒಂದು ಗಂಟೆ ಹೆಚ್ಚು ಉಪಕಾರಿ.

ಎಲ್ಲರೂ ಹೋಗಬಹುದು ಎಂದು ಹೇಳಲಾರೆವು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಇದನ್ನು ಕೇಂದ್ರಗಳೇ ಸೂಚಿಸುವುದಿಲ್ಲ. ಇದು ಚಿಕಿತ್ಸೆಗೆ ಬದಲಿಯೂ ಅಲ್ಲ. ಖಿನ್ನತೆ, ಆತಂಕಕ್ಕೆ ಮಾತ್ರೆ ನಡೆಯುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ, ವೈದ್ಯರನ್ನು ಕೇಳದೆ ಶಿಬಿರಕ್ಕಾಗಿ ಮಾತ್ರೆ ನಿಲ್ಲಿಸಬೇಡಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಸಂಜೆಯ ಆಹಾರದ ವಿಷಯವನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆದೇ ಹೊರಡಬೇಕು.