ನಿರ್ದೇಶಕರ ಬೆನ್ನು ಹತ್ತುವವರಿಗೆ: ಮಲೆನಾಡಿನ ಸೆಟ್ಟಿನಲ್ಲಿ ಫ್ಯೂಜಿಫಿಲ್ಮ್ ಎಕ್ಸ್-ಟಿ5

ಪೋಸ್ಟರಿಗೆ ಸ್ಟಿಲ್ ತೆಗೆಯಲು ಯಾವ ಕ್ಯಾಮೆರಾ ಆದರೂ ನಡೆದೀತು. ಟೇಕ್ ಮುಗಿದ ಮೇಲೆ ನಟರನ್ನು ಮತ್ತೆ ನಿಲ್ಲಿಸಿಕೊಳ್ಳಬಹುದು. ಸಿನಿಮಾ ಮಾಡುವವರ ಕೆಲಸವನ್ನೇ ದಾಖಲಿಸಲು ಹೊರಟವರಿಗೆ ಆ ಅನುಕೂಲವಿಲ್ಲ. ಮಾನಿಟರ್ ಎದುರು ನಿರ್ದೇಶಕರ ಮುಖ ಬದಲಾಗುವುದು ಟೇಕ್ ನಡೆಯುವಾಗ, ಸಿಂಕ್ ಸೌಂಡ್ (ಸೆಟ್ಟಿನಲ್ಲೇ ಮಾತು ದಾಖಲಿಸುವ) ಮೈಕು ತೆರೆದಿರುವಾಗಲೇ. 2022ರ ಕೊನೆಯಲ್ಲಿ ಬಂದ ಎಕ್ಸ್-ಟಿ5 ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅದರ ಎಲೆಕ್ಟ್ರಾನಿಕ್ ಶಟರ್, ಎಂದರೆ ಪರದೆ ಚಲಿಸದೆ ಸೆನ್ಸರೇ ಚಿತ್ರ ತೆಗೆಯುವ ವಿಧಾನ, ಎಲ್ಲಿ ಕೈಕೊಡುತ್ತದೆ ಎಂಬುದು ಗೊತ್ತಿರಬೇಕು.

ಆ ಶಟರಿನಲ್ಲಿ ಕ್ಲಿಕ್ ಸದ್ದೇ ಇಲ್ಲ. ಜೊತೆಗೆ ಮೆನುವಿನಲ್ಲಿ ಬೀಪ್, ಫೋಕಸ್ ದೀಪ ಎರಡನ್ನೂ ಆಫ್ ಮಾಡಿ, ಪರದೆಯ ಬೆಳಕನ್ನು ತಗ್ಗಿಸಬೇಕು; ಕತ್ತಲಲ್ಲಿ ಅದು ನಟರ ಕಣ್ಣು ಸೆಳೆಯುತ್ತದೆ. ತೊಡಕೆಂದರೆ, 40 ಮೆಗಾಪಿಕ್ಸೆಲ್ ಸೆನ್ಸರನ್ನು ಅದು ಸಾಲುಸಾಲಾಗಿ, ನಿಧಾನಕ್ಕೆ ಓದುತ್ತದೆ. ಅಡಿಕೆ ತೋಟದಲ್ಲಿ ಟ್ರಾಲಿಯ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಮರಗಳೆಲ್ಲ ಒಂದೇ ಕಡೆ ವಾಲಿಕೊಂಡು ಬರುತ್ತವೆ. ಬೀಳುತ್ತಿರುವ ಕ್ಲಾಪ್ ಪಟ್ಟಿ ಬಾಗುತ್ತದೆ. ಹಾಗಾಗಿ ಕ್ಲಾಪಿನವರೆಗೆ ಕ್ಲಿಕ್ ಎನ್ನುವ ಮೆಕ್ಯಾನಿಕಲ್ ಶಟರ್, ‘ಆ್ಯಕ್ಷನ್’ ಎಂದ ಮೇಲೆ ಎಲೆಕ್ಟ್ರಾನಿಕ್. ಎರಡರ ನಡುವಿನ ಬದಲಾವಣೆಯನ್ನು ಒಂದು ಫಂಕ್ಷನ್ ಬಟನ್‌ಗೆ ಕೊಟ್ಟುಬಿಡಿ.

ತೊಟ್ಟಿಮನೆಯೊಳಗೆ ಇನ್ನೊಂದು ಪೇಚು. ಶೂಟಿಂಗ್ ಲೈಟುಗಳು ಸಾಮಾನ್ಯವಾಗಿ ಮಿನುಗುವುದಿಲ್ಲ, ಆದರೆ ಜಗುಲಿಯ ಅಗ್ಗದ ಎಲ್ಇಡಿ ಬಲ್ಬು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/250 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು. 1/100 ಅಥವಾ 1/50 ಇಟ್ಟರೆ ಹೋಗುತ್ತವೆ. ಶಟರ್ ಡಯಲಿನ ಮೇಲೆ 100 ಇಲ್ಲ. 125ಕ್ಕೆ ಇಟ್ಟು ಕಮಾಂಡ್ ಡಯಲನ್ನು ಒಂದು ಹೆಜ್ಜೆ ತಿರುಗಿಸಬೇಕು. ಎಫ್2 ಲೆನ್ಸಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಕೆಲವೊಮ್ಮೆ 6400 ಬೇಕಾಗುತ್ತದೆ. ಗ್ರೇನ್ ಬರಲಿ ಬಿಡಿ, ಫ್ಲಾಶ್ ಮಾತ್ರ ಬೇಡ. ಸತ್ಯಜಿತ್ ರಾಯ್ ಅವರ ಕೆಲಸವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿದಿಟ್ಟ ನಿಮಾಯ್ ಘೋಷ್ ಇದ್ದ ಬೆಳಕಿನಲ್ಲೇ ತೆಗೆದವರು.

ಇನ್ನು ಮಳೆ. ಕ್ಯಾಮೆರಾಕ್ಕೆ ನೀರು ನುಗ್ಗದಂತೆ ಸೀಲಿಂಗ್ ಇದೆ, ಆದರೆ ಲೆನ್ಸಿನ ಹೆಸರಿನಲ್ಲೂ ‘ಡಬ್ಲ್ಯುಆರ್’ (ವೆದರ್ ರೆಸಿಸ್ಟೆಂಟ್) ಇದ್ದರಷ್ಟೇ ಅದಕ್ಕೆ ಅರ್ಥ. 35 ಎಂಎಂ ಎಫ್1.4ಕ್ಕೆ ಸೀಲಿಂಗೂ ಇಲ್ಲ, ಫೋಕಸ್ ಮೋಟಾರಿನ ಗುರುಗುರು ಬೇರೆ. 170 ಗ್ರಾಂ ತೂಕದ 35 ಎಂಎಂ ಎಫ್2 ಡಬ್ಲ್ಯುಆರ್ ಇಲ್ಲಿಗೆ ಸರಿ. ಅದಾದರೂ ಸೋನೆ ಮಳೆಗಷ್ಟೇ. ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವ ಆಗುಂಬೆಯಲ್ಲಿ ರೇನ್ ಕವರ್ ಇಲ್ಲದೆ ಹೊರಗೆ ತೆಗೆಯಬಾರದು. ಟಾರ್ಪಾಲಿನ ಕೆಳಗೂ ಲೆನ್ಸ್ ಬದಲಿಸಬೇಡಿ, ಇರಚಲು ಒಳಗೆ ಬರುತ್ತದೆ. ಎಸಿ ಕಾರಿನಿಂದ ಇಳಿದಾಗ ಅರ್ಧ ಗಂಟೆ ಬ್ಯಾಗಿನ ಜಿಪ್ ತೆಗೆಯದಿದ್ದರೆ ಗಾಜು ಮಂಜಾಗುವುದು ತಪ್ಪುತ್ತದೆ. ರಾತ್ರಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವ ಅಳೆಯುವ ಹೈಗ್ರೋಮೀಟರ್. ತೇವ 40ರಿಂದ 50 ಪರ್ಸೆಂಟ್ ಇರಲಿ. 60 ದಾಟಿ ದಿನಗಟ್ಟಲೆ ಉಳಿದರೆ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ.

ಪರದೆ ಮೇಲೆ, ಕೆಳಗೆ, ಪಕ್ಕಕ್ಕೂ ಓರೆಯಾಗುವುದರಿಂದ ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ಕುರ್ಚಿಯ ಪಕ್ಕದಿಂದಲೇ ತೆಗೆಯಬಹುದು. ಕಾರ್ಡ್ ಸ್ಲಾಟ್ ಎರಡಿವೆ, ಎರಡನೆಯದು ಬ್ಯಾಕಪ್‌ಗೆ ಇರಲಿ.

ಫೈಟು, ಡ್ಯಾನ್ಸನ್ನೇ ಹೆಚ್ಚು ತೆಗೆಯುವವರು ಇದನ್ನು ಕೊಳ್ಳುವುದು ಬೇಡ. ಅವರಿಗೆ 26 ಮೆಗಾಪಿಕ್ಸೆಲ್ಲಿನ, ಬೇಗ ಓದುವ ಸ್ಟಾಕ್ಡ್ ಸೆನ್ಸರ್ ಇರುವ ಫ್ಯೂಜಿಫಿಲ್ಮಿನದೇ ಎಕ್ಸ್-ಎಚ್2ಎಸ್ ಸರಿ. ಬೆಲೆ ಹೆಚ್ಚು, ತೂಕ ಸುಮಾರು 100 ಗ್ರಾಂ ಜಾಸ್ತಿ, ಮರಗಳು ಮಾತ್ರ ಬಹುಮಟ್ಟಿಗೆ ನೆಟ್ಟಗೆ ನಿಲ್ಲುತ್ತವೆ.